ಅವಳು ಒತ್ತಿದ ಬ್ಯಾಕ್ ಬಟನ್

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಎಷ್ಟು ಸುತ್ತಿ ಬಳಸಿದರೂ ಕೊನೆಗೆ ಇದೇ ಹೊರಬೀಳುವುದರಿಂದ ಮೊದಲೇ ಹೇಳಿಬಿಡುತ್ತೇನೆ.

ಶಿಕಾರಿಪುರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ಪರೀಕ್ಷಕರು. ಪ್ರೋಗ್ರಾಂ ಬರೆಯುವವರಿಗಾಗಿಯೇ ಇರುವ ಒಂದು ತಂತ್ರಾಂಶ. ಅದರಲ್ಲಿ ಬ್ಯಾಂಕು, ವಿಮೆಯಂಥ ದೊಡ್ಡ ಸಂಸ್ಥೆಗಳಿಗೆ ಬೇಕಾದ ಎಂಟರ್‌ಪ್ರೈಸ್ ಜಾವಾ ಪ್ರಾಜೆಕ್ಟು ಸರಿಯಾಗಿ ಹುಟ್ಟುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಅರ್ಜಿ ತುಂಬಿದಂತೆ ಪರದೆಯಲ್ಲಿ ಪುಟಪುಟವಾಗಿ ಮುಂದೆ ಹೋಗಬೇಕು: ಮೊದಲ ಪುಟದಲ್ಲಿ ಹೆಸರು, ಎರಡರಲ್ಲಿ ಸರ್ವರ್, ಮೂರರಲ್ಲಿ ಒಳಗಿನ ಭಾಗಗಳು, ಆಮೇಲೆ ಫಿನಿಶ್. ಹುಟ್ಟಿದ್ದನ್ನು ಓಡಿಸಿ ನೋಡಿ, ಅಳಿಸಿ, ಮತ್ತೆ ಹುಟ್ಟಿಸುವುದು. ತರಬೇತಿ ಮುಗಿದ ಮೇಲೆ, ದೋಷ ಚೆನ್ನಾಗಿ ಹಿಡಿಯುವ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತೇವೆಂದು ಮೇಲಧಿಕಾರಿ ವಿಡಿಯೋ ಕರೆಯಲ್ಲಿ ಹೇಳಿಯಾಗಿತ್ತು.

ನಾನು ಎಲ್ಲರ ಮಿಮಿಕ್ರಿ ಮಾಡುವವನು. ಮೇಲಧಿಕಾರಿಯ ಕೆಮ್ಮು, ಕೆಳಗಿನ ಅಂಗಡಿಯ ಸಾಹೇಬರು ಹತ್ತನೇ ಸೀರೆ ಬಿಚ್ಚುವಾಗಿನ ನಿಟ್ಟುಸಿರು, ಎಲ್ಲ ಗೊತ್ತಿರುವವನಂತೆ ತಲೆಯಾಡಿಸುವ ನಾನು: ಇವು ನನ್ನ ಮೆಚ್ಚಿನ ಪಾತ್ರಗಳು. ಅವಳದ್ದಂತೂ ಸಲೀಸು. ಸೊರಬದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮಾತೂ ಆ ಬಸ್ಸಿನಂತೆಯೇ, ಎಲ್ಲ ಸ್ಟಾಪಿನಲ್ಲೂ ನಿಂತು ಹೊರಡುತ್ತಿತ್ತು.

ನಾನು ನಲವತ್ತು ಪ್ರಾಜೆಕ್ಟು ಹುಟ್ಟಿಸುವಷ್ಟರಲ್ಲಿ ಅವಳದು ಹನ್ನೆರಡು. ಆದರೂ ದೋಷಗಳು ಹುಡುಕಿಕೊಂಡು ಹೋಗಿ ಅವಳ ಪರದೆಯ ಮೇಲೇ ಕೂರುತ್ತಿದ್ದವು. ನನ್ನ ಪರದೆಯಲ್ಲಿ ಎಲ್ಲವೂ ಸರಿ, ಎಲ್ಲವೂ ಹಸಿರು. ಅಷ್ಟು ಹಸಿರು ನೋಡಿ ನನಗೆ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕರೆದಳು. "ಇಲ್ಲಿ ಬಾ ಮಾರಾಯ, ಇದೆಂತ ಹಿಂಗಾಗ್ತದೆ ನೋಡು."

ಮೂರನೇ ಪುಟದಿಂದ ಅವಳು ಬ್ಯಾಕ್ ಒತ್ತಿ ಮೊದಲ ಪುಟಕ್ಕೆ ಬಂದು, ಹೆಸರು ತಿದ್ದಿ, ಮತ್ತೆ ಮುಂದೆ ಹೋಗಿ ಫಿನಿಶ್ ಒತ್ತಿದ್ದಳು. ಪ್ರಾಜೆಕ್ಟಿಗೆ ಹೊಸ ಹೆಸರು ಬಂದಿತ್ತು, ಒಳಗಿನ ಭಾಗಗಳಿಗೆ ಹಳೆಯದೇ ಉಳಿದಿತ್ತು. ಒಂದಕ್ಕೊಂದು ಗುರುತು ಸಿಗದೆ ಓಡಲೊಲ್ಲದು.

"ಅಲ್ಲಾ, ಫಿನಿಶ್ ತನಕ ಹೋದಾಕಿ ವಾಪಸ್ ಯಾಕ್ ಬಂದಿ?"

"ಸಹಿ ಹಾಕೂಕೆ ಮುಂಚೆ... ಮೊದಲ್ನೇ ಪುಟ ಇನ್ನೊಂದ್ಸಲ ಓದ್ಬೇಕಲ್ಲ. ಅಪ್ಪ ತಾಲ್ಲೂಕು ಕಚೇರಿ ಎದುರು ಕೂತು ಪಹಣಿ ಅರ್ಜಿ ಬರೀತಾನೆ. ಹೆಸರು ತಪ್ಪೋದು... ಅಲ್ಲೇ ಅಂತಾನೆ."

ಇಷ್ಟು ಹೇಳಿ ಊಟದ ಡಬ್ಬಿ ತೊಳೆಯಲು ಹೋದಳು. ಅವಳು ಬರುವಷ್ಟರಲ್ಲಿ ನಾನು ದೋಷದ ವರದಿ ಬರೆದು, ಕಂಡುಹಿಡಿದವರ ಜಾಗದಲ್ಲಿ ನನ್ನ ಹೆಸರು ಹಾಕಿ ಕಳಿಸಿಯೂ ಆಗಿತ್ತು. ಅವತ್ತೂ ನಾನು ಬ್ಯಾಕ್ ಒತ್ತಲಿಲ್ಲ.

ಮರುದಿನದ ಕರೆಯಲ್ಲಿ ಮೇಲಧಿಕಾರಿ ನನ್ನನ್ನೇ ಹೊಗಳಿದರು. "ಎಲ್ಲರೂ ಮುಂದೆ ಮುಂದೆ ಹೋಗ್ತಾರೆ. ನಿಮಗೆ ವಾಪಸ್ ಹೋಗ್ಬೇಕು ಅಂತ ಯಾಕೆ ಅನ್ನಿಸ್ತು?"

ನನ್ನ ಹತ್ತಿರ ನನ್ನದೆಂಬ ಕಾರಣವೇ ಇರಲಿಲ್ಲ. ಬಾಯಿ ತೆರೆದೆ, ಅವಳ ದನಿಯೇ ಹೊರಬಂತು. "ಸಹಿ ಹಾಕೂಕೆ ಮುಂಚೆ... ಮೊದಲ್ನೇ ಪುಟ ಓದ್ಬೇಕಲ್ಲ ಸರ್. ಅಪ್ಪ ಅರ್ಜಿ ಬರೀತಾನೆ..." ಸ್ಟಾಪುಗಳ ಸಮೇತ.

"ನಿಮ್ಮ ತಂದೆ ಟ್ರ್ಯಾಕ್ಟರ್ ರಿಪೇರಿ ಮಾಡ್ತಾರೆ ಅಂದಿದ್ರಲ್ರೀ?"

ಪಕ್ಕದ ಕುರ್ಚಿಯಲ್ಲಿದ್ದ ಅವಳು ತಿರುಗಲಿಲ್ಲ. ಎರಡೂ ಮಾಡ್ತಾರೆ ಎನ್ನಬಹುದಿತ್ತು. ಆದರೆ ಅವಳ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತ್ತು.

"ಅದು ಇವಳಿಗೆ ಸಿಕ್ಕಿದ್ದು ಸರ್. ನಾನು ನನ್ನ ಹೆಸರು ಹಾಕ್ಕೊಂಡೆ."

ಕರೆ ಮುಗಿದ ಮೇಲೆ ಅವಳು ಕೇಳಿದಳು. "ನಾನು ಮಾತು ಅಷ್ಟು ಎಳೀತೀನಾ?"

"ಇನ್ನೂ ಜಾಸ್ತಿ. ನಾನೇ ಕಮ್ಮಿ ಮಾಡ್ದೆ."

ಅವಳು ನಗಲಿಲ್ಲ. "ಹೆಸರು ಬದಲಾಯ್ಸು. ನಾನು ನೋಡ್ತಾ ಇರ್ತೆ."

ಬದಲಾಯಿಸಿದೆ. ವರದಿಯನ್ನು ಅವಳು ಮೊದಲ ಸಾಲಿನಿಂದ ಓದಿ, ನಾನು ಮಾಡಿದ್ದ ಎರಡು ತಪ್ಪನ್ನೂ ತಿದ್ದಿಸಿದಳು.

ಕೆಲಸ ಅವಳಿಗಾಯಿತು. ಖುಷಿ ಆಯ್ತು ಅಂದೆ. ಅಷ್ಟು ಕೆಟ್ಟ ಮಿಮಿಕ್ರಿ ನಾನು ಯಾವತ್ತೂ ಮಾಡಿಲ್ಲ.