ಏಳು ನೀರಲ್ಲಿ ತೊಳೆದ ಕಾಳು

ಹೋದ ಆಗಸ್ಟ್ ಹದಿನಾಲ್ಕರ ಬೆಳಿಗ್ಗೆ ವಿಲಾಪಾಂಪಾದ ಶಾಲೆಯಲ್ಲಿ ಐವತ್ತಮೂರು ಮಕ್ಕಳು ಸರ್ಕಾರದ ತಿಂಡಿ ತಿಂದು ಕಾಯಿಲೆ ಬಿದ್ದರು. ಯೆಸೇನಿಯಾ ಎಂಬ ಆರು ವರ್ಷದ ಹುಡುಗಿ ಮರುದಿನ ಸತ್ತಳು. ತಿಂಡಿಯ ಪ್ಯಾಕೆಟ್ಟಿನ ಮೇಲೆ ಸೆಫೆರಿನಾ ಕಾಯೊ ಎಂಬ ಹೆಂಗಸಿನ ಚಿತ್ರವಿತ್ತು. ಪ್ಯಾಕೆಟ್ಟಿನೊಳಗಿದ್ದ ಗ್ರಾನೋಲಾ ಎಂಬ ಹುರಿದ ಕಾಳಿನ ತಿಂಡಿಯನ್ನು ಸೆಫೆರಿನಾ ಮಾಡಿರಲಿಲ್ಲ.

ಇಂದು ಸೆಪ್ಟೆಂಬರಿನ ಮೊದಲ ಭಾನುವಾರ. ಬೊಲಿವಿಯಾದ ಉಪ್ಪಿನ ಬಯಲಿನ ಅಂಚಿಗಿರುವ ಈ ಊರಿನಲ್ಲಿ ಇನ್ನೂ ಕೋಳಿ ಕೂಗಿಲ್ಲ. ಬಕೆಟ್ಟಿನ ನೀರು ಹೆಪ್ಪುಗಟ್ಟಿದೆ. ಸೆಫೆರಿನಾ ಸೌಟಿನ ಹಿಂಬದಿಯಿಂದ ಅದನ್ನು ಒಡೆದು ಕೈ ತೊಳೆದುಕೊಂಡು, ಲಾಮಾ ಎಂಬ ಸಾಕುಪ್ರಾಣಿಯ ಒಣ ಹಿಕ್ಕೆ ಹಾಕಿ ಒಲೆ ಹಚ್ಚುತ್ತಾರೆ. ಮಣ್ಣಿನ ಹಂಚು ಕಾದಿದೆಯೋ ಇಲ್ಲವೋ ಎಂದು ನೋಡಲು ನಾಲ್ಕು ಕಾಳು ಎಸೆಯುತ್ತಾರೆ. ನಾಲ್ಕೂ ಹಾರುತ್ತವೆ. ಒಂದು ಬೊಗಸೆ ಕಿನೋವಾ ಕಾಳು ಹಂಚಿಗೆ ಬೀಳುತ್ತದೆ, ಮೋಟು ಕಸಬರಿಕೆಯಿಂದ ಗರಗರ ತಿರುವುತ್ತಾರೆ, ಚಿಟಪಟ ಸದ್ದು ಏರುತ್ತದೆ. ಸದ್ದು ಇನ್ನೂ ಇರುವಾಗಲೇ ಹಂಚು ಕೆಳಗಿಳಿಯುತ್ತದೆ.

"ಪೂರ್ತಿ ನಿಲ್ಲೋವರ್ಗೂ ಕಾದ್ರೆ ಸೀದೋಗ್ತದೆ," ಅನ್ನುತ್ತಾರೆ. "ಸಿಡೀತಿರೋವಾಗ್ಲೇ ಇಳಿಸ್ಬೇಕು. ಉಳಿದಿದ್ದು ಹಂಚಿನ ಬಿಸೀಲೇ ಅರಳ್ತದೆ."

ಅವರಿಗೆ ಅರವತ್ತೊಂದು. ಮುಂದಿನ ಎರಡು ಹಲ್ಲಿಲ್ಲ. ನಾಲ್ಕು ಅಳತೆ ಅರಳಿಗೆ ಎರಡು ಅಳತೆ ಓಟ್ಸ್, ಒಂದು ಅಳತೆ ಹುರಿದ ಶೇಂಗಾ. ಬೇರೆ ಪಾತ್ರೆಯಲ್ಲಿ ಬೆಲ್ಲ ಕರಗಿಸಿ, ಒಂದು ತುಂಡು ಚಕ್ಕೆ, ಚಿಟಿಕೆ ಉಪ್ಪು, ಎರಡು ಚಮಚ ಎಣ್ಣೆ. ಪಾಕ ಎಳೆ ಬರುವ ಮೊದಲೇ ಎಲ್ಲವನ್ನೂ ಕಲಸಿ, ತಗಡಿನ ತಟ್ಟೆಯಲ್ಲಿ ಬೆರಳು ದಪ್ಪ ಹರಡಿ, ಕೆಂಡ ಹೊರಗೆಳೆದ, ಇನ್ನೂ ಕಾದಿರುವ ಮಣ್ಣಿನ ಗೂಡಿಗೆ ತಳ್ಳುತ್ತಾರೆ. ಎರಡು ಸಲ ಮಗುಚುತ್ತಾರೆ. ಹೊರಗೆ ತೆಗೆದಾಗ ಅದು ಇನ್ನೂ ಮೆತ್ತಗಿರುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಬೆಂದಿಲ್ಲವೆಂದು ಮತ್ತೆ ಗೂಡಿಗೆ ತಳ್ಳುತ್ತಾರೆ, ಇಲ್ಲವೇ ಬಿಸಿಯಲ್ಲೇ ಕೆದಕುತ್ತಾರೆ.

"ಆರೋವರ್ಗೂ ಮುಟ್ಬಾರ್ದು. ಕೈ ಕಟ್ಕೊಂಡು ಕೂರ್ಬೇಕು. ಈ ಕೆಲ್ಸದಲ್ಲಿ ಕಷ್ಟ ಅಂದ್ರೆ ಅದೊಂದೇ."

ಅದೊಂದೇ ಅಲ್ಲ. ಅವರು ಹೇಳದೆ ಬಿಟ್ಟದ್ದು ಅವರ ಪಾದಗಳಲ್ಲಿದೆ. ಕಿನೋವಾ ಕಾಳಿನ ಮೇಲೆ ಹಕ್ಕಿಯೂ ಮುಟ್ಟದಷ್ಟು ಕಹಿ ಸಿಪ್ಪೆ ಇರುತ್ತದೆ, ಹೊಟ್ಟೆಗೆ ಹೋದರೆ ವಾಂತಿ. ಕಾಳನ್ನು ಬೆಚ್ಚಗೆ ಮಾಡಿ, ಬಿಳಿಮಣ್ಣು ಬೆರೆಸಿ, ಕಲ್ಲಿನ ಗುಂಡಿಯಲ್ಲಿ ಹಾಕಿ ಬರಿಗಾಲಲ್ಲಿ ತುಳಿಯಬೇಕು. ಎರಡು ಗಂಟೆ ತುಳಿದರೆ ಹನ್ನೆರಡು ಕಿಲೋ. ಏಳುವ ದೂಳಿಗೆ ಕಣ್ಣು ಉರಿಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಆಮೇಲೆ ಕೇರಿ, ತೂರಿ, ನೀರಿಗೆ ಹಾಕಿ ಉಜ್ಜಬೇಕು. ಮೊದಲ ನೀರು ಸೋಪಿನ ಹಾಗೆ ನೊರೆಗಟ್ಟುತ್ತದೆ. ಎರಡನೆಯದೂ ಅಷ್ಟೇ. ಏಳನೆಯ ನೀರು ತಿಳಿಯಾಗುತ್ತದೆ. ಹನ್ನೆರಡು ಕಿಲೋ ಕಾಳಿಗೆ ಹದಿನೆಂಟು ಬಕೆಟ್ ನೀರು. ನೀರಿನ ಬುಗ್ಗೆಗೆ ಹೋಗಿಬರಲು ಒಂದು ಗಂಟೆ ಹತ್ತು ನಿಮಿಷ. ಕತ್ತೆಯ ಮೇಲೆ ಒಂದು ಸಲಕ್ಕೆ ನಾಲ್ಕು ಬಕೆಟ್. ಲೆಕ್ಕ ಹಾಕಿಕೊಳ್ಳಿ.

ಏಳು ನೀರಿನ ಬದಲು ಎರಡೇ ನೀರಿನಲ್ಲಿ ತೊಳೆದು, ಉಳಿದ ಕಹಿಯನ್ನು ಸಕ್ಕರೆಯಲ್ಲಿ ಮುಚ್ಚಿಬಿಟ್ಟರೆ ಎಷ್ಟು ಸಲೀಸು! ಆ ಸಲೀಸು ಗೊತ್ತಿದ್ದವರು ಪಟ್ಟಣದಲ್ಲಿದ್ದಾರೆ.

ಸೆಫೆರಿನಾ ಗ್ರಾನೋಲಾ ಕಲಿತದ್ದು ಯಾವ ತರಬೇತಿಯಲ್ಲೂ ಅಲ್ಲ. ತವರದ ಗಣಿ ಮುಚ್ಚಿದ ವರ್ಷ ಅವರಿಗೆ ಇಪ್ಪತ್ತೆರಡು, ಕಂಕುಳಲ್ಲಿ ಕೂಸು. ಗಂಡ ಎವಾರಿಸ್ತೊ ಗಣಿಯ ದೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಊರಿಗೆ ಬಂದು, ಮೂರು ವರ್ಷ ಕೆಮ್ಮಿ ಸತ್ತ. ಆಗ ದೂರದ ಯಾವುದೋ ದೇಶದವರು ತಾಯಂದಿರ ಸಂಘಕ್ಕೆ ಓಟ್ಸ್ ದಾನ ಕಳಿಸುತ್ತಿದ್ದರು, ಹುಳು ಬಿದ್ದದ್ದು. ಹೆಂಗಸರು ಅದನ್ನು ಜರಡಿ ಹಿಡಿದು ಹುಳು ತೆಗೆದು, ವಾಸನೆ ಹೋಗಲೆಂದು ಹುರಿದು, ಸಾಲದೆ ಬಂದಾಗ ತಮ್ಮ ಕಿನೋವಾ ಅರಳು ಬೆರೆಸಿ, ಬೆಲ್ಲ ಸುರಿದು ಮಕ್ಕಳ ಕೈಗಿಟ್ಟರು. ಗ್ರಾನೋಲಾ ಎಂಬ ಹೆಸರು ಆಮೇಲೆ ಬಂತು. ಹಸಿವು ಮೊದಲೇ ಇತ್ತು.

ಇವತ್ತು ಆ ಸಂಘದಲ್ಲಿ ಹನ್ನೊಂದು ಹೆಂಗಸರಿದ್ದಾರೆ, ಸೆಫೆರಿನಾ ಅದರ ಮುಖ್ಯಸ್ಥೆ. ಅವರಲ್ಲಿ ಪೌಲಿನಾ ಪಕ್ಕದ ಮನೆಯವಳು, ಬಾಯಿ ಜೋರು. ತಟ್ಟೆ ಆರುವ ಹೊತ್ತಿಗೆ ಸರಿಯಾಗಿ ಬಂದು ಗೋಡೆಗೆ ಅಂಟಿಸಿದ ಹಳೆಯ ಪ್ಯಾಕೆಟ್ಟಿನ ಮುಂದೆ ನಿಲ್ಲುತ್ತಾಳೆ.

"ನೋಡಕ್ಕ, ಇದ್ರಲ್ಲಿ ನಿಂಗೆ ಹಲ್ಲೆಲ್ಲ ಇದಾವೆ! ಮೂಗೂ ಸಣ್ಣ ಮಾಡವ್ರೆ. ಎವಾರಿಸ್ತೊ ಬಾವ ಬದ್ಕಿದ್ರೆ, ಯಾವಳ್ರೀ ಇವ್ಳು ಚೆನ್ನಾಗವ್ಳಲ್ಲ ಅಂತಿದ್ರು."

"ಹರಿದಾಕ್ಲಾ ಅಂತ ದಿನಾ ಅನ್ಕೊಂತೀನಿ ಕಣೇ."

"ಬ್ಯಾಡ. ಇರ್ಲಿ. ನಿನ್ ಮುಖ ಕದ್ದಿದ್ದಕ್ಕೆ ಸಾಕ್ಷಿ ಅದೇ ಅಲ್ವಾ?" ಪೌಲಿನಾ ನಗುತ್ತಾಳೆ. ಸೆಫೆರಿನಾ ನಗುವುದಿಲ್ಲ.

ಮೂರು ವರ್ಷದ ಹಿಂದೆ ಇಂಜಿನಿಯರ್ ಅರಾಂದಿಯಾ ಬಿಳಿ ಜೀಪಿನಲ್ಲಿ ಬಂದ. ಶಾಲೆಯ ತಿಂಡಿಯನ್ನು ಊರಿನವರ ಕೈಯಿಂದಲೇ ಕೊಳ್ಳಬೇಕೆಂಬ ನಿಯಮವಿತ್ತು. ಅವನ ಕಂಪನಿಗೆ ಕಾರ್ಖಾನೆಯಿತ್ತು, ಊರಿನ ಕೈಗಳಿರಲಿಲ್ಲ. ಸಂಘದ ಹೆಸರು ತೆಗೆದುಕೊಂಡ, ಸೆಫೆರಿನಾರ ಫೋಟೋ ತೆಗೆದುಕೊಂಡ, ತಿಂಡಿ ಬೇಯಿಸಲು ಈ ಮಣ್ಣಿನ ಗೂಡು ಕಟ್ಟಿಸಿಕೊಟ್ಟ. ಒಂಬತ್ತು ಶಾಲೆ, ಸಾವಿರದ ನೂರನಲವತ್ತು ಮಕ್ಕಳು, ವಾರಕ್ಕೆ ನೂರೆಪ್ಪತ್ತು ಕಿಲೋ ಗ್ರಾನೋಲಾ ಬೇಕು. ಸಂಘದಿಂದ ಅವನು ತೆಗೆದುಕೊಂಡದ್ದು ವಾರಕ್ಕೆ ಹನ್ನೆರಡು ಕಿಲೋ. ಆ ಹನ್ನೆರಡು ಕಿಲೋ ಕೂಡ ಮಕ್ಕಳ ಬಾಯಿಗೆ ಹೋಗಲಿಲ್ಲ, ತಪಾಸಣೆಗೆ ಬರುವವರ ಮೇಜಿಗೆ ಹೋಯಿತು. ಮಕ್ಕಳಿಗೆ ಬಂದದ್ದು ಕಾರ್ಖಾನೆಯದು, ಹೊರಗೆ ಸೆಫೆರಿನಾರ ನಗು ಅಂಟಿಸಿಕೊಂಡು.

ಅವರಿಗೆ ಇದು ಗೊತ್ತಿತ್ತೇ? ಕೇಳಿದರೆ ಅವರು ತಪ್ಪಿಸಿಕೊಳ್ಳುವುದಿಲ್ಲ.

"ಗೊತ್ತಿತ್ತು. ನಾವು ಹನ್ನೊಂದು ಜನ ಅಷ್ಟು ಮಾಡೋಕಾಗಲ್ಲ ಅಂತ ಎಣಿಸೋಕೆ ಬರಲ್ವಾ ನಂಗೆ? ನನ್ ಮುಖ ಪ್ಯಾಕೆಟ್ ಮೇಲೆ ಬಂತು ಅಂತ ಖುಷಿಯಾಯ್ತು, ತಂದು ಗೋಡೆಗೆ ಅಂಟಿಸ್ದೆ. ಅದು ನನ್ ತಪ್ಪು. ಅದಕ್ಕೆ ಯಾರ್ ಕೇಳಿದ್ರೂ ತಪ್ಪಾಯ್ತು ಅಂತೀನಿ. ಕಾಳು ತೊಳ್ದಿಲ್ಲ ಅಂತ ಮಾತ್ರ ಅನ್ನಲ್ಲ."

ಆಗಸ್ಟ್ ಹದಿನಾಲ್ಕರಂದು ಐವತ್ತಮೂರು ಮಕ್ಕಳಿಗೆ ಊರ ಆರೋಗ್ಯ ಕೇಂದ್ರದಲ್ಲಿದ್ದದ್ದು ಎರಡು ಬಾಟಲಿ ಸಲೈನ್. ಆಂಬುಲೆನ್ಸ್‌ನಲ್ಲಿ ಡೀಸೆಲ್ ಇರಲಿಲ್ಲ. ಯೆಸೇನಿಯಾ ಹನ್ನೊಂದು ಗಂಟೆ ಹೊತ್ತು ವಾಂತಿ ಮಾಡಿ, ಮರುದಿನ ನಸುಕಿಗೆ, ಉಪ್ಪಿನ ಲಾರಿಯೊಂದರ ಹಿಂಬದಿಯಲ್ಲಿ, ಪಟ್ಟಣದ ದಾರಿಯಲ್ಲಿ ತಣ್ಣಗಾದಳು. ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ಬರುವುದೆಂದು ಯಾರೂ ಕಾಯುತ್ತಲೂ ಇಲ್ಲ.

ಮಣ್ಣು ಮಾಡಿದ ದಿನ, ಊರ ಪದ್ಧತಿಯಂತೆ, ಬಂದವರೆಲ್ಲ ಸತ್ತ ಮಗುವಿನ ತಾಯಿ ನಿಕೊಲಾಸಾಳ ಮುಂದೆ ಮಂಡಿಯೂರಿ ಕ್ಷಮೆ ಕೇಳಿದರು. ಇಲ್ಲಿ ಅದಕ್ಕೆ ತಪ್ಪು ಮಾಡಿರಬೇಕಾಗಿಲ್ಲ. ದೂರ ಪ್ರಯಾಣ ಹೊರಡುವವರು ಕೇಳುತ್ತಾರೆ, ಮದುವೆಯಲ್ಲಿ ಬೀಗರು ಕೇಳುತ್ತಾರೆ, ಸಾವಿನ ಮನೆಯಲ್ಲಿ ಬದುಕಿ ಉಳಿದ ತಪ್ಪಿಗೆ ಎಲ್ಲರೂ ಕೇಳುತ್ತಾರೆ. ಅಂದು ಮಂಡಿಯೂರಿದವರು ನೂರಕ್ಕೂ ಹೆಚ್ಚು. ಮಗುವನ್ನು ಹೊತ್ತೊಯ್ದ ಲಾರಿಯ ಡ್ರೈವರನೂ ಊರಿದ. ಸೆಫೆರಿನಾ ಊರಿ, "ನನ್ನನ್ನ ಕ್ಷಮಿಸವ್ವಾ" ಅಂದಾಗ ಮಾತ್ರ, ಜನರ ಹಿಂದೆ ನಿಂತಿದ್ದ ಇಂಜಿನಿಯರನ ಫೋನು ಫೋಟೋ ತೆಗೆಯಲು ಎದ್ದಿತು. ಮರುದಿನ ಪಟ್ಟಣದ ಪತ್ರಿಕೆಯಲ್ಲಿ ಆ ಒಂದೇ ಫೋಟೋ. ಕೆಳಗೆ ಬರೆದಿತ್ತು: ತಪ್ಪೊಪ್ಪಿಕೊಂಡ ತಯಾರಕಿ.

ನೂರು ಜನರ ನಡುವಿನಿಂದ ಒಬ್ಬಳನ್ನು ಕತ್ತರಿಸಿ ತೆಗೆಯಲು ಎಷ್ಟು ಹೊತ್ತು ಬೇಕು?

ಮೂರು ದಿನ ಕಳೆದ ಮೇಲೆ ನಿಕೊಲಾಸಾ ಇದೇ ಗುಡಿಸಲಿಗೆ ಬಂದಿದ್ದಳು. ಹೊದಿಕೆಯೊಳಗೆ ಅರ್ಧ ತಿಂದ ಪ್ಯಾಕೆಟ್ಟಿತ್ತು.

"ಹಿಂದಿನ್ ದಿನಾನೇ ಕಹಿ ಅಂದ್ಲು, ಅಕ್ಕಾ," ಅಂದಳು. "ಸೆಫೆರಿನಜ್ಜಿ ಮುಖ ಇದ್ಯಲ್ಲ ಅದ್ರ ಮೇಲೆ, ಸುಮ್ನೆ ತಿನ್ನು ಅಂತ ನಾನೇ ಹೇಳ್ ಕಳ್ಸಿದ್ದು. ಈಗ ನೀನೇ ಹೇಳು. ನೀನ್ ಮಾಡಿದ್ದಾ ಇದು?"

ಸೆಫೆರಿನಾ ಎರಡು ಗಾಜಿನ ಬಾಟಲಿ ತಂದು ನೀರು ಹಾಕಿದರು. ಒಂದಕ್ಕೆ ತಮ್ಮ ತಟ್ಟೆಯ ಒಂದು ಮುಷ್ಟಿ, ಇನ್ನೊಂದಕ್ಕೆ ಪ್ಯಾಕೆಟ್ಟಿನ ಒಂದು ಮುಷ್ಟಿ. ಕಾಳು ಕೊಳ್ಳುವಾಗ ಹೆಂಗಸರು ಮಾಡುವ ಪರೀಕ್ಷೆ ಅದು. ಎರಡನ್ನೂ ನಿಕೊಲಾಸಾಳ ಕೈಗೇ ಕೊಟ್ಟು ಕುಲುಕಿಸಿದರು. ಒಂದು ನೀರು ಬೆಲ್ಲದ ಬಣ್ಣಕ್ಕೆ ತಿರುಗಿ ಸುಮ್ಮನಾಯಿತು. ಇನ್ನೊಂದರಲ್ಲಿ ನಾಲ್ಕು ಬೆರಳು ನೊರೆ ಎದ್ದು, ಬಹಳ ಹೊತ್ತು ಇಳಿಯಲೇ ಇಲ್ಲ. ನಿಕೊಲಾಸಾ ಆ ನೊರೆ ನೋಡುತ್ತ ಕೂತಳು. ಅತ್ತಳೋ ಇಲ್ಲವೋ ಸೆಫೆರಿನಾ ಹೇಳುವುದಿಲ್ಲ.

ಪತ್ರಿಕೆಯಲ್ಲಿ ಆ ಫೋಟೋ ಬಂದಾಗಿನಿಂದ ಊರಲ್ಲಿ ಯಾರೂ ಸಂಘದ ಗ್ರಾನೋಲಾ ಕೊಂಡಿಲ್ಲ. ಉಪ್ಪು ಕಡಿಯಲು ಬೇರೆ ಊರಿಂದ ಬರುವ ಕೂಲಿಗಳು ಮಾತ್ರ ಒಂದೊಂದು ಹಿಡಿ ಕಟ್ಟಿಸಿಕೊಂಡು ಹೋಗುತ್ತಾರೆ. ಅವರು ಪೇಪರ್ ಓದುವುದಿಲ್ಲ.

ಹತ್ತು ಗಂಟೆಗೆ ಶಾಲೆಯ ಅಂಗಳದಲ್ಲಿ ಊರ ಸಭೆ ಸೇರುತ್ತದೆ. ಹಾಜರಿ ಕೂಗಿ ಮುಗಿದ ಮೇಲೆ, ಊರ ಹಿರಿಯ ತೆಯೊಫಿಲೊ ಅಧಿಕಾರದ ಗುರುತಾದ ಚಾವಟಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಲ್ಲುತ್ತಾನೆ. ಪಕ್ಕದ ಕುರ್ಚಿಯಲ್ಲಿ ಇಂಜಿನಿಯರ್ ಅರಾಂದಿಯಾ. ಮೇಜಿನ ಮೇಲೆ ನಡಾವಳಿ ಪುಸ್ತಕ. ಮೇಷ್ಟರು ಅದರಲ್ಲಿ ಈಗಾಗಲೇ ಬರೆದಿಟ್ಟಿದ್ದಾರೆ: ಸಂಘದ ಮುಖ್ಯಸ್ಥೆ ಕಾಳನ್ನು ಸರಿಯಾಗಿ ತೊಳೆಯದ ನಿರ್ಲಕ್ಷ್ಯಕ್ಕಾಗಿ ಸಭೆಯ ಮುಂದೆ ಮಂಡಿಯೂರಿ ಕ್ಷಮೆ ಕೇಳಿದ್ದಾರೆ. ಸಹಿಯೊಂದು ಬಾಕಿ.

"ನೋಡಮ್ಮಾ," ಇಂಜಿನಿಯರನ ದನಿ ಬೆಣ್ಣೆಯಂತಿದೆ. "ನಿಮ್ಮ ಪದ್ಧತಿ ಪ್ರಕಾರಾನೇ ಮುಗಿಸೋಣ. ಪೊಲೀಸು, ಕೋರ್ಟು ಯಾಕೆ? ಕ್ಷಮೆ ಕೇಳಿ, ಗೂಡು ನಿಮ್ಮ ಹತ್ರಾನೇ ಇರ್ತದೆ. ತಿಂಡಿ ಸೋಮವಾರದಿಂದ ಮತ್ತೆ ಶುರು. ಇಲ್ಲಾಂದ್ರೆ ಸಂಘದ ನೋಂದಣಿ ಹೋಗ್ತದೆ, ನನ್ನ ಕೈಲೇನಿಲ್ಲ."

"ಮತ್ತೆ ಅದೇ ಕಾರ್ಖಾನೆ ತಿಂಡೀನಾ, ಸಾಹೇಬ್ರೇ?" ಹಿಂದಿನಿಂದ ಪೌಲಿನಾ. "ನೀವೂ ಒಂದ್ ಬಟ್ಲು ತಿಂದು ತೋರ್ಸಿ ಮತ್ತೆ!"

"ಸುಮ್ನಿರೇ ಪೌಲಿನಾ," ತೆಯೊಫಿಲೊ ಗದರುತ್ತಾನೆ. ಆಮೇಲೆ ಸೆಫೆರಿನಾರತ್ತ ತಿರುಗಿದಾಗ ಅವನ ದನಿಯಲ್ಲಿ ಗದರಿಕೆಯಿಲ್ಲ, ಬೇಡಿಕೆಯಿದೆ. "ಬಾ ತಂಗಿ. ನಮಗೇನ್ ಹೊಸದಾ ಮಂಡಿ ಊರೋದು? ಹಬ್ಬಕ್ಕೂ ಊರ್ತೀವಿ, ಸಾವಿಗೂ ಊರ್ತೀವಿ. ಒಂದ್ ಕ್ಷಣದ ಮಾತು. ಮಕ್ಕಳು ಹಸ್ಕೊಂಡವೆ."

ಮಕ್ಕಳು ಹಸಿದಿರುವುದು ನಿಜ. ಅಂಗಳದ ಗೋಡೆಯ ಮೇಲೆ ಸಾಲಾಗಿ ಕೂತು ನೋಡುತ್ತಿವೆ. ಹನ್ನೊಂದು ಹೆಂಗಸರಲ್ಲಿ ನಾಲ್ವರು ತಲೆ ತಗ್ಗಿಸಿದ್ದಾರೆ. ಗೂಡು ಹೋದರೆ ಅವರ ಒಲೆಯೂ ಹೋದಂತೆ. ಸೆಫೆರಿನಾ ಅವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾರೆ. ನಿಕೊಲಾಸಾ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ, ಕಪ್ಪು ಹೊದಿಕೆ, ಕಣ್ಣು ನೆಲದಲ್ಲಿ.

ಸೆಫೆರಿನಾ ಎದ್ದು ನಡುವೆ ಬರುತ್ತಾರೆ. ಈ ಊರಲ್ಲಿ ಹಿರಿಯ ಕೇಳಿದಾಗ ಮಂಡಿಯೂರದವರನ್ನು ಯಾರೂ ಕಂಡಿಲ್ಲ. ಇಂಜಿನಿಯರ್ ಫೋನನ್ನು ಕೈಗೆ ತೆಗೆದುಕೊಳ್ಳುತ್ತಾನೆ.

"ತೆಯೊಫಿಲಣ್ಣಾ, ನಿಕೊಲಾಸಾ ಮುಂದೆ ನಾನು ಊರಿದ್ದೀನಿ. ಅವ್ಳು ಕೇಳಿದ್ರೆ ದಿನಾ ಊರ್ತೀನಿ. ಎದ್ದು ಹೇಳವ್ವಾ ನಿಕೊಲಾಸಾ, ನಿಂಗೆ ಬೇಕಾ?"

ನಿಕೊಲಾಸಾ ನೆಲದಿಂದ ಕಣ್ಣೆತ್ತದೆ, ಇಲ್ಲವೆಂದು ತಲೆಯಾಡಿಸುತ್ತಾಳೆ.

"ಮತ್ತೆ ಈ ಮಂಡಿ ಯಾರಿಗೆ?" ಸೆಫೆರಿನಾ ಕೇಳುತ್ತಾರೆ.

"ಮಂಡಿ ಊರು ತಂಗಿ," ತೆಯೊಫಿಲೊ ಮತ್ತೊಮ್ಮೆ ಹೇಳುತ್ತಾನೆ. ಈಗ ಅದು ಬೇಡಿಕೆಯಲ್ಲ. ಚಾವಟಿ ಹೆಗಲಿಂದ ಕೈಗೆ ಬಂದಿದೆ.

ಸೆಫೆರಿನಾ ಮೇಷ್ಟರ ಕಡೆ ತಿರುಗುತ್ತಾರೆ.

"ಬರ್ದಿದ್ದನ್ನ ಹೊಡೆದಾಕಿ, ಮೇಷ್ಟ್ರೇ. ಊರಲಿಲ್ಲ ಅಂತ ಬರ್ಕೊಳ್ಳಿ."