ಕಳಕೇಶನ ಹೆಸರಿಗೆ ಬಿದ್ದ ಒತ್ತು

ಗಜೇಂದ್ರಗಡದಲ್ಲಿ ಮೋಟಾರು ಕಟ್ಟುವ ಕಳಕೇಶನಿಗೆ ಅವನವ್ವ ಸಿದ್ದಲಿಂಗವ್ವ ಗುಡ್ಡದ ದೇವರ ಹೆಸರಿಟ್ಟಿದ್ದಳು. ದೇವರ ಹೆಸರಿದ್ದವನಿಗೆ ದೇವರ ಸಮಾಧಾನವೂ ಇರಬೇಕೆಂದೇನಿಲ್ಲವಲ್ಲ. ತನಗೆ ಮಾಡಿದ ಉಪಕಾರವನ್ನು ಕಳಕೇಶ ಮರೆತಾನು, ತನಗೆ ಅಂದ ಮಾತನ್ನು ಮರೆಯುವವನಲ್ಲ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು, ಬಾವಿಗಿಳಿದು ಪಂಪು ಕೂರಿಸುವುದು ಅವನ ಕಸುಬು. ಇತ್ತ ರೋಣ, ಅತ್ತ ನರಗುಂದ, ಎಲ್ಲಿಂದ ಕರೆ ಬಂದರೂ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ.

ಅಂಥವನ ಹೆಸರಿಗೆ ಜಕ್ಕಲಿಯ ಮಹಾಲಿಂಗಪ್ಪ ಸಾವಕಾರ ಒಂದು ಒತ್ತಕ್ಷರ ಸೇರಿಸಿಬಿಟ್ಟ.

ಸಾವಕಾರನ ಹೊಲದ ಬಾವಿಯಲ್ಲಿ ಕಳಕೇಶ ಹೊಸ ಪಂಪು ಕೂರಿಸಿದ ದಿನದ ಮಾತು. ನೀರು ಬಂದ ಕೂಡಲೇ ಸಾವಕಾರ ಬಾವಿಯ ದಂಡೆಯ ಮೇಲೆ ಬಗ್ಗಿ ಗಂಗವ್ವನಿಗೆ ಅರಿಸಿನ ಕುಂಕುಮ ಬಿಟ್ಟ, ಕಾಯಿ ಒಡೆದ, ಅಂಗಿ ಬಿಚ್ಚಿ ಪೈಪಿನ ನೀರಿಗೆ ಮೈಯೊಡ್ಡಿ ಮನೆಗೆ ಹೋದ. ಸಂಜೆ ಪೂಜೆಗೆ ಕೂತರೆ ಕೊರಳಲ್ಲಿ ಶಿವದಾರವಿಲ್ಲ, ಬೆಳ್ಳಿಯ ಕರಡಿಗೆಯಿಲ್ಲ, ಅದರೊಳಗಿನ ಲಿಂಗವಿಲ್ಲ. ಕೂಸಿದ್ದಾಗ ಕಟ್ಟಿದ ಲಿಂಗ ಸಾಯುವ ತನಕ ಮೈಮೇಲಿರಬೇಕು. ಜಾರಿ ಬಿದ್ದರೆ ಕಟ್ಟಿಕೊಂಡವನ ತಪ್ಪು, ಕಳುವಾದರೆ ಕದ್ದವನ ತಪ್ಪು. ಸಾವಕಾರ ತನಗೆ ಹಗುರಾದದ್ದನ್ನು ಆರಿಸಿಕೊಂಡ. ಮರುದಿನ ಗುಡಿಯ ಕಟ್ಟೆಯ ಮೇಲೆ ಕೂತು, "ಅಂಗಿ ಸಂಗಾಟ ಬಿಚ್ಚಿ ಇಟ್ಟಿದ್ದೆ. ಅಲ್ಲಿ ಇದ್ದಾಂವ ಅಂದ್ರ ಕಳಕೇಶ ಒಬ್ಬನ" ಅಂದ.

ಊರಿಗೆ ಅಷ್ಟು ಸಾಕಾಯಿತು. ಕಳಕೇಶ ಕಳ್ಳಕೇಶನಾದ. ಮಾತು ಗಜೇಂದ್ರಗಡಕ್ಕೂ ಮುಟ್ಟಿತು, ಅವನ ಅಂಗಡಿಯ ಬೋರ್ಡಿನ ಮೇಲೂ ಯಾರೋ ಸುಣ್ಣದಲ್ಲಿ ಆ ಒತ್ತು ಬರೆದು ಹೋದರು. ಬಾವಿಗೆ ಕರೆಯುತ್ತಿದ್ದವರು ಫೋನು ಎತ್ತುವುದನ್ನೇ ಬಿಟ್ಟರು. ಇದೆಲ್ಲವನ್ನೂ ಅವನು ಹಲ್ಲು ಕಚ್ಚಿ ನುಂಗಿದ. ಆದರೆ ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅವ್ವ ಅವನ ಟ್ರಂಕಿನ ಬಟ್ಟೆಗಳನ್ನು ಒಂದೊಂದಾಗಿ ಜಾಡಿಸಿ ನೋಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತದ್ದು ಅವಳಿಗೆ ಕಂಡಿತು. ಆವತ್ತು ಅವನು ಉಣ್ಣದೆ ಅಂಗಡಿಗೆ ವಾಪಸ್ಸು ಹೋದ, ಸಾವಕಾರನನ್ನು ಸುಮ್ಮನೆ ಬಿಡಬಾರದೆಂದು ಅಲ್ಲಿಯೇ ನಿಶ್ಚಯಿಸಿಕೊಂಡ.

ಕರಡಿಗೆ ಎಲ್ಲಿದೆಯೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಸಾವಕಾರ ಬಗ್ಗಿದ್ದನ್ನು ಅವನೇ ನೋಡಿದ್ದ. ಆದರೆ ಆ ಬಾವಿಯ ತಳದಲ್ಲಿ ಮೊಳಕಾಲುದ್ದ ಕೆಸರು. ಕೊಡ ಎತ್ತುವ ಪಾತಾಳಗರಡಿಗೆ ಅಷ್ಟು ಸಣ್ಣದು ಸಿಗುವುದಿಲ್ಲ. ಅಯಸ್ಕಾಂತ ಬಿಡೋಣವೆಂದರೆ ಅದು ಬೆಳ್ಳಿಯ ಗೊಡವೆಗೇ ಹೋಗುವುದಿಲ್ಲ.

ಹಳೆ ಸಾಮಾನು ಮಾರುವ ಜಾವೀದನ ಅಂಗಡಿಯ ಮೂಲೆಯಲ್ಲಿ ಒಂದು ವಸ್ತು ಬಿದ್ದಿತ್ತು. ಉದ್ದನೆಯ ಕೋಲು, ತುದಿಗೆ ತಾಟಿನಂಥ ದುಂಡನೆಯ ಸುರುಳಿ, ಹಿಡಿಯ ಹತ್ತಿರ ಒಂದು ಡಬ್ಬಿ, ಕಿವಿಗೆ ಹಾಕುವ ಫೋನು. ನೀರೊಳಗೆ ಲೋಹ ಹುಡುಕುವ ಯಂತ್ರ.

"ಗೋವಾದ ಸಮುದ್ರದಾಗ ಬಂಗಾರ ಹುಡುಕಿದ್ದೈತಿ ಇದು. ಈಗ ಸತ್ತೈತಿ. ನಿನಗ್ಯಾಕ ಬೇಕೋ ಮಾರಾಯಾ?" ಅಂದ ಜಾವೀದ.

"ಒಬ್ಬಾಂವನ ಮಾನ ಕಳೀಬೇಕಾಗೇತಿ" ಅಂದ ಕಳಕೇಶ.

ಮನೆಗೆ ತಂದು ಬಿಚ್ಚಿ ನೋಡಿದರೆ ಸಮುದ್ರದ ಉಪ್ಪು ಬ್ಯಾಟರಿಯ ಮನೆಯನ್ನು ಹಸಿರು ಮಾಡಿ ತಿಂದುಹಾಕಿತ್ತು. ಮರಳುಕಾಗದ ಹಾಕಿ ತಿಕ್ಕಿ ಹೊಸ ತಗಡು ಕೂರಿಸಿದ. ಡಬ್ಬಿಯ ಮುಚ್ಚಳದ ರಬ್ಬರು ರಿಂಗು ಸೀಳಿತ್ತು. ಟ್ರ್ಯಾಕ್ಟರಿನ ಟ್ಯೂಬು ಕತ್ತರಿಸಿ ಹಾಕಿದ, ಹಿತ್ತಲ ನೀರಿನ ಹೌದಿನಲ್ಲಿ ಮುಳುಗಿಸಿದ, ಗುಳುಗುಳು ಗುಳ್ಳೆ ಬಂತು. ಬೆಳೆಗೆ ಎಣ್ಣೆ ಹೊಡೆಯುವ ಪಂಪಿನ ರಿಂಗಿಗೆ ಗ್ರೀಸು ಸವರಿ ಕೂರಿಸಿದ ಮೇಲೆ ಗುಳ್ಳೆ ನಿಂತವು. ಸುರುಳಿಯೊಳಗಿನ ತಂತಿ ತುಂಡಾಗಿತ್ತು. ಅದನ್ನು ಬೆಸೆದು, ಸುರುಳಿಯ ಸೀಳಿದ ಪ್ಲಾಸ್ಟಿಕ್ ಸಿಪ್ಪೆಗೆ ಮೋಟಾರಿನ ಬಿರುಕಿಗೆ ಹಾಕುವ ಬೂದುಬಣ್ಣದ ಗಟ್ಟಿ ಅಂಟನ್ನೇ ಮೆತ್ತಿದ. ಮೋಟಾರು ಮೇಸ್ತ್ರಿಯ ಕೈ, ರೂಢಿ ಬಿಡುತ್ತದೆಯೇ? ಗುಂಡಿ ಒತ್ತಿದ್ದೇ ತಡ, ಯಂತ್ರ ಕಿವಿ ಹರಿಯುವಂತೆ ಕಿರುಚಿತು. ನೀರಲ್ಲಿಟ್ಟರೂ ಕಿರುಚು, ನೆಲದ ಮೇಲಿಟ್ಟರೂ ಕಿರುಚು. ಕಳಕೇಶ ಅದನ್ನು ಒದೆಯಲು ಕಾಲೆತ್ತಿ, ತಡೆದು, ಅಂಟಿನ ಡಬ್ಬಿಯನ್ನು ತಿರುಗಿಸಿ ನೋಡಿದ. ಅಂಟಿನಲ್ಲಿ ಕಬ್ಬಿಣದ ಪುಡಿ. ಯಂತ್ರ ತನ್ನನ್ನು ತಾನೇ ಕಳ್ಳ ಎಂದು ಕೂಗುತ್ತಿತ್ತು. ಬಹಳ ದಿನಗಳ ಮೇಲೆ ಅವನಿಗೆ ನಗು ಬಂತು.

ಆ ಅಂಟನ್ನೆಲ್ಲ ಕೆರೆದು ಪ್ಲಾಸ್ಟಿಕ್ಕಿಗೆ ಹಾಕುವ ಸಾದಾ ಅಂಟು ಮೆತ್ತಿದ. ಅವ್ವ ಏನೂ ಕೇಳದೆ ದೇವರ ಜಗುಲಿಯಿಂದ ಬೆಳ್ಳಿಯ ಕುಂಕುಮದ ಭರಣಿ ತಂದುಕೊಟ್ಟಳು. ಅದನ್ನು ಹೌದಿನ ತಳದಲ್ಲಿ ಮಣ್ಣಿನೊಳಗೆ ಹೂತು ಕೋಲು ಆಡಿಸಿದಾಗ ಕಿವಿಯಲ್ಲಿ ಸಣ್ಣಗೆ ಗುಂಯ್ ಎಂದಿತು. ಇಷ್ಟು ದಿನ ಎಲ್ಲಿ ಇಟ್ಟಿದ್ದೆ ಈ ನಂಬಿಕೆಯನ್ನು ಎಂದು ಅವ್ವನನ್ನು ಕೇಳಬೇಕೆನಿಸಿತು. ಭರಣಿಯನ್ನು ತೊಳೆದು ಅವಳ ಕೈಗಿಟ್ಟ.

ನೇರವಾಗಿ ಜಕ್ಕಲಿಗೆ ಹೋಗಿ ಗುಡಿಯ ಕಟ್ಟೆಯ ಮುಂದೆ ನಿಂತ. "ಹಿರ್‍ಯಾರು ಕೇಳ್ರಿ. ಸಾವಕಾರ್‍ರ ಬಾವ್ಯಾಗ ಹುಡುಕ್ತೀನಿ. ಸಿಗಲಿಲ್ಲಂದ್ರ ನಾನ ಕದ್ದೀನಿ ಅಂತ ಒಪ್ಕೊಂಡು ಅಂಗಡಿ ಮುಚ್ಚತೀನಿ." ಬೇಡವೆಂದರೆ ಊರು ಏನಂದೀತೋ ಎಂಬ ಅಂಜಿಕೆಗೆ ಸಾವಕಾರ ಹೂಂಗುಟ್ಟಿದ.

ಪಂಪು, ಪೈಪುಗಳನ್ನು ಮೇಲೆತ್ತಿಸಿ ಕಳಕೇಶ ಬಾವಿಗಿಳಿದ. ಉಸಿರು ಕಟ್ಟಿ ಮುಳುಗುವುದು, ಕೋಲು ಆಡಿಸುವುದು, ಮೇಲೆ ಬರುವುದು. ಒಮ್ಮೆ ಹಳೆಯ ಬೋಲ್ಟು ಸಿಕ್ಕಿತು, ಇನ್ನೊಮ್ಮೆ ಒಡಕು ಕೊಡದ ಕಂಠ. ದಂಡೆಯ ಮೇಲಿದ್ದವರು ನಕ್ಕರು. ಕಡೆಗೆ ಸರಿಯಾಗಿ ಸಾವಕಾರ ಬಗ್ಗಿದ್ದ ಜಾಗದ ಕೆಳಗೆ ಕಿವಿಯಲ್ಲಿ ಮತ್ತೆ ಗುಂಯ್ ಎಂದಿತು. ಕೆಸರಿನೊಳಗೆ ತೋಳು ತುರುಕಿದರೆ ಬೆರಳಿಗೆ ದಾರ ಸಿಕ್ಕಿತು.

ಅವನು ಮೆಟ್ಟಿಲ ಮೇಲೆ ನಿಂತು ಕರಡಿಗೆಯನ್ನು ಎತ್ತಿ ಹಿಡಿದ. ಎಲ್ಲರೂ ಸಾವಕಾರನ ಮುಖ ನೋಡಿದರು.

"ನಂದಲ್ಲ ಅದು" ಅಂದ ಸಾವಕಾರ. ನೋಡಿದಿರಾ ಈ ನಾಲಗೆಯನ್ನು!

ಕಳಕೇಶ ಕೂಗಾಡಲಿಲ್ಲ. "ನಿಮ್ಮದಲ್ಲೇನ್ರಿ? ಹಂಗಾದ್ರ ಬಾವೀದು ಬಾವಿಗೇ ಹೋಗ್ಲಿ" ಎಂದು ಕೈಯನ್ನು ನೀರಿನ ಮೇಲೆ ಚಾಚಿದ. ಅವನ ಕೊರಳಲ್ಲೂ ಲಿಂಗವಿತ್ತು. ಆದರೂ ಒಂದು ಬೆರಳು ಸಡಿಲಿಸಿದ. ಇನ್ನೊಂದು ಸಡಿಲಿಸಿದ.

"ಬ್ಯಾಡೋ ತಮ್ಮಾ." ಸಾವಕಾರ ದಂಡೆಯ ಮೇಲೆ ಕುಸಿದು ಎರಡೂ ಕೈ ಒಡ್ಡಿದ. "ನಂದ ಐತಿ. ನಾನ ಕೆಡವಿದ್ದೆ. ಬಿದ್ದದ್ದು ಗೊತ್ತಿತ್ತು ನನಗ. ನೀ ಕದ್ದಿಲ್ಲ."

ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವನು ಅತ್ತ. ಪಾಪ ಹಿರಿಯ, ಹೋದ ಲಿಂಗ ಸಿಕ್ಕಿತಲ್ಲ ಎಂದು ಯಾರೋ ಹಾಲು ತಂದರು, ಯಾರೋ ಟವೆಲ್ಲು ಹಾಸಿದರು. ನೀರು ಸೋರುತ್ತ ನಿಂತ ಕಳಕೇಶನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಅವನ ಸಿಟ್ಟು ಇಮ್ಮಡಿಯಾಯಿತು.

"ಇಲ್ಲಿ ಹೇಳಿದ್ರ ಆಗಂಗಿಲ್ರಿ ಸಾವಕಾರ್‍ರ. ನನ್ನ ಮಾನ ಹೋಗಿದ್ದು ನಮ್ಮೂರಾಗ. ಸಂತಿ ದಿನ ಅಂಗಡಿಗೆ ಬರ್ರಿ" ಅಂದ.

ಸಾವಕಾರ ಬಂದ. ಅಂಗಡಿಯ ಮುಂದೆ ಕಳಕೇಶ ಹಾಕಿದ ಸ್ಟೂಲಿನ ಮೇಲೆ ಕೂತು, ನಿಂತವರಿಗೆ, ಹಾದು ಹೋಗುವವರಿಗೆ, "ಇಂವ ಕದ್ದಿಲ್ರೆಪ, ನಾನ ಬಾವ್ಯಾಗ ಕೆಡವಿದ್ದೆ" ಎಂದು ಹೇಳಿದ. ಬಿಸಿಲೇರಿತು, ದನಿ ಬಿತ್ತು. ಕಳಕೇಶ ಒಳಗೆ ತಲೆ ಬಗ್ಗಿಸಿ ತಂತಿ ಸುತ್ತುತ್ತಲೇ ಇದ್ದ. ಬುತ್ತಿ ತಂದ ಸಿದ್ದಲಿಂಗವ್ವ ಅರ್ಧ ರೊಟ್ಟಿ ಮುರಿದು ಸಾವಕಾರನ ಕೈಗಿಟ್ಟಳು.

"ವಯಸ್ಸಾದ ಜೀವೋ. ಸಾಕಿನ್ನ, ಮನಿಗೆ ಕಳಸಪಾ" ಅಂದಳು.

ಕಳಕೇಶ ತಲೆಯೆತ್ತಿ ಮೊದಲು ಸಾವಕಾರನನ್ನು, ಆಮೇಲೆ ಅವ್ವನನ್ನು ನೋಡಿದ.

"ಸಂತಿ ಇನ್ನೂ ಮುಗದಿಲ್ಲವ್ವ" ಅಂದ.