ಜೂನ್ ಒಂದರಂದು ಹುಟ್ಟಿದವರು

ನಮಿತಾ ವರ್ಕಾಡಿಯ ಬೀಡಿ ಕಟ್ಟುವ ಮನೆಯ ಹುಡುಗಿ. ಕಂಪ್ಯೂಟರ್ ಕಲಿತು, ಬಂದ್ಯೋಡಿನ ಸಣ್ಣ ಅಂಗಡಿಯೊಂದರಲ್ಲಿ ಕೂತು ಊರವರಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದಳು. ಸ್ವಲ್ಪ ಜಂಬ ಇತ್ತು. ಇರಲಿ, ಕೈಯಲ್ಲಿ ಕಸುಬಿದ್ದವರಿಗೆ ಅಷ್ಟೂ ಬೇಡವೇ?

2014ರಲ್ಲಿ ಅವಳು ಪಟ್ಟಿ ಕಟ್ಟುವ ಒಂದು ಪ್ರೋಗ್ರಾಂ ಬರೆದಳು. ಸಂಖ್ಯೆಯಾಗಲಿ, ಹೆಸರಾಗಲಿ, ಮನುಷ್ಯರಾಗಲಿ, ಎಲ್ಲವನ್ನೂ ಅದು ಸಾಲಾಗಿ ಜೋಡಿಸಬೇಕು. ಒಂದೇ ವಸ್ತು ಎರಡು ಸಲ ಬಂದರೆ ಒಂದನ್ನು ಕೈಬಿಡಬೇಕು. ಅದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾರು ಮೊದಲು? ಇಬ್ಬರಲ್ಲಿ ಯಾರೂ ಮೊದಲಲ್ಲದಿದ್ದರೆ ಇಬ್ಬರೂ ಒಬ್ಬರೇ ಎಂದು ಅದರ ತೀರ್ಮಾನ. ಸಂಖ್ಯೆಗಳನ್ನು ಹಾಕಿ ನೋಡಿದಳು, ಸರಿಯಾಗಿತ್ತು. ಐದು ಎರಡು ಸಲ ಬಂದರೆ ಒಂದು ಐದು ಉಳಿದರೆ ಸಾಕಲ್ಲ.

ಅಷ್ಟರಲ್ಲಿ ಕಣ್ಣಿನ ಪೊರೆ ತೆಗೆಸುವ ಶಿಬಿರದವರು ಬಂದರು. ಪ್ರಾಯ ಹೆಚ್ಚಾದವರು ಮೊದಲು ಬರುವ ಪಟ್ಟಿ ಬೇಕೆಂದರು. ನಮಿತಾ ಹುಟ್ಟಿದ ದಿನ ನೋಡಿ ಜೋಡಿಸುವಂತೆ ಮಾಡಿ ಪ್ರಿಂಟ್ ಕೊಟ್ಟಳು. ಎಷ್ಟು ಜನ ಇದ್ದಾರೆಂದು ಎಣಿಸುವ ಗೋಜಿಗೆ ಹೋಗಲಿಲ್ಲ.

ಶಿಬಿರಕ್ಕೆ ಹೆಸರು ಕೊಟ್ಟಿದ್ದ ಪಕ್ಕದ ಮನೆಯ ಅಪ್ಪಿಯಕ್ಕನಿಗೆ ಕರೆ ಬರಲಿಲ್ಲ. ಅವಳೊಟ್ಟಿಗೆ ಶಾಲೆಗೆ ಸೇರಿದ್ದ ಮೋಹಿನಿ ಆಪರೇಷನ್ ಮಾಡಿಸಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. "ಮುಂದಿನ ಸಲ ಕರೆಯುತ್ತಾರೆ ಅಕ್ಕ" ಎಂದು ಧೈರ್ಯ ಹೇಳಿದವಳೂ ನಮಿತಾಳೇ. ಬೀಡಿಯ ನೂಲನ್ನು ತಡವಿ ಹುಡುಕುತ್ತ ಅಪ್ಪಿಯಕ್ಕ ಆರು ತಿಂಗಳು ಕಾದಳು. ಒಂದು ಬೆಳಿಗ್ಗೆ ಬಲಗಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು ಬಂತು. ಪೊರೆ ಬಲಿತು ಕಣ್ಣಿನ ಒತ್ತಡ ಏರಿದೆ, ಆ ಕಣ್ಣು ಇನ್ನು ಕಾಣುವುದಿಲ್ಲ ಎಂದರು ಮಂಗಳೂರಿನ ಡಾಕ್ಟರು. ಆರು ತಿಂಗಳ ಹಿಂದೆ ಯಾಕೆ ಕರೆತರಲಿಲ್ಲ ಎಂದೂ ಬೈದರು.

ಅಂಗಡಿಗೆ ಬಂದು ನಮಿತಾ ಪಟ್ಟಿ ತೆರೆದಳು. ತುಂಬಿಸಿದ್ದು ಅರವತ್ತೊಂದು ಹೆಸರು, ಉಳಿದದ್ದು ನಲವತ್ತಮೂರು. ಬಿಟ್ಟುಹೋದವರೆಲ್ಲ ಹುಟ್ಟಿದ್ದು ಜೂನ್ ಒಂದರಂದು. ಆ ಕಾಲದಲ್ಲಿ ಜನ್ಮದಿನ ಯಾರಿಗೆ ಗೊತ್ತಿತ್ತು? ಶಾಲೆಗೆ ಸೇರಿಸುವಾಗ ಮಾಸ್ಟ್ರು ಎಲ್ಲರಿಗೂ ಅದೇ ದಿನ ಬರೆದಿದ್ದರು. ಮೋಹಿನಿ, ಅಪ್ಪಿ, ಒಂದೇ ದಿನ, ಒಂದೇ ವರ್ಷ. ಆದ್ದರಿಂದ ಪ್ರೋಗ್ರಾಂ ಲೆಕ್ಕದಲ್ಲಿ ಒಬ್ಬಳೇ ಹೆಂಗಸು. ದಿನ ಒಂದೇ ಆದರೆ ನೋಂದಣಿ ಸಂಖ್ಯೆ ನೋಡು ಎಂದು ತಿದ್ದಲು ನಾಲ್ಕು ಸಾಲು ಸಾಕಾಯಿತು. ನಮಿತಾ ಮೇಜಿಗೆ ತಲೆಯಿಟ್ಟು ಅತ್ತಳು.

ಸಂಜೆ ಹೋಗಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಅಪ್ಪಿಯಕ್ಕ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದಳು.

"ಇನ್ನೊಂದು ಕಣ್ಣು ಉಂಟಲ್ಲ" ಎಂದಳು ಕೊನೆಗೆ. "ಈ ಸಲ ನನ್ನ ಹೆಸರು ನೀನು ಕೈಯಲ್ಲೇ ಬರಿ ಮಾರಾಯ್ತಿ."